ಊರ ಮುಂದೆ ಓದಿಸುತ್ತಿದ್ದ ಸಂಪಾದಕರು

ಮಕಾನದಾರ ಸರ್ ಯಾವ ಸಂಶೋಧನಾ ಲೇಖನವನ್ನೂ ಮೊದಲ ಪುಟದಿಂದ ಓದಿದ್ದನ್ನು ನಾನು ನೋಡಿಲ್ಲ. ಕೈಗೆ ಬಂದ ಹಾಳೆಗಳ ಕಟ್ಟನ್ನು ಬೋರಲು ಹಾಕಿ, ಕೊನೆಯ ಪುಟದ ಆಧಾರಗ್ರಂಥಗಳ ಪಟ್ಟಿಯಿಂದ ಶುರು ಮಾಡಿ, ಅಲ್ಲಿಂದ ಹಿಂದಕ್ಕೆ ಹಿಂದಕ್ಕೆ ಬಂದು, ಬರೆದವರ ಹೆಸರನ್ನು ಎಲ್ಲಕ್ಕಿಂತ ಕಡೆಗೆ ನೋಡುತ್ತಿದ್ದರು. ಯಾಕೆ ಹೀಗೆ ಎಂದು ಯಾರಾದರೂ ಕೇಳಿದರೆ, "ನಮ್ಮ ಮನ್ಯಾಗ ಉರ್ದು ಪುಸ್ತಕ ಈ ಕಡಿಂದನ ತೆರೀತೀವ್ರಿ, ಸಣ್ಣಂದಿನ ಚಟಾ ಹೋಗವಲ್ದು" ಎಂದು ನಗುತ್ತಿದ್ದರು. ನಿಜವಾದ ಕಾರಣ ಬೇರೆ ಇತ್ತು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬೆಳಗಾವಿಯ ಒಂದು ಕಾಲೇಜಿನಲ್ಲಿ ಗ್ರಂಥಪಾಲಕರಾಗಿದ್ದ ಅವರಿಗೆ, ಮನುಷ್ಯ ಏನನ್ನು ಓದಿಕೊಂಡು ಬರೆಯಲು ಕೂತಿದ್ದಾನೆ ಎಂಬುದು ಆ ಪಟ್ಟಿಯಲ್ಲೇ ಗೊತ್ತಾಗಿಬಿಡುತ್ತಿತ್ತು. "ಈ ಪುಸ್ತಕ ನಮ್ಮ ಲೈಬ್ರರ್ಯಾಗ ಒಂದ ಪ್ರತಿ ಐತ್ರಿ ಸರ್, ಹನ್ನೆರಡು ವರ್ಷದಿಂದ ಯಾರೂ ಒಯ್ದಿಲ್ಲ. ನೀವು ಎಲ್ಲಿ ಓದಿದ್ರಿ?" ಎಂದು ಅವರು ಮೆತ್ತಗೆ ಕೇಳಿದಾಗ ಪ್ರಾಧ್ಯಾಪಕರೊಬ್ಬರು ಅರ್ಧ ಕುಡಿದ ಚಹಾ ಬಿಟ್ಟು ಎದ್ದು ಹೋಗಿದ್ದರಂತೆ.

ಆಳು ಕುಳ್ಳಗೆ. ತಲೆಗೆ ಬಿಳಿ ಟೊಪ್ಪಿ, ಕಾಲರ್ ಸವೆದರೂ ಇಸ್ತ್ರಿ ತಪ್ಪದ ಅಂಗಿ, ಹೆಗಲಿಗೆ ಬಟ್ಟೆಯ ಚೀಲ. ಮನೆ ಖಾನಾಪುರದಲ್ಲಿ, ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರ. ನೌಕರಿಯ ಅಷ್ಟೂ ವರ್ಷ ಬೆಳಿಗ್ಗೆ ರೈಲಿಗೆ ಬೆಳಗಾವಿಗೆ ಬಂದು ಸಂಜೆ ಸಿಕ್ಕ ಬಸ್ಸಿಗೆ ಹಿಂತಿರುಗಿದವರು. ಮನೆಯಲ್ಲಿ ದಖನಿ ಉರ್ದು, ಕಾಲೇಜಿನಲ್ಲಿ ಕನ್ನಡ, ಖಾನಾಪುರದ ಪೇಟೆಯಲ್ಲಿ ಮರಾಠಿ. ಮೂರೂ ಒಂದೇ ವಾಕ್ಯದಲ್ಲಿ ಬಂದವೆಂದರೆ ಸಿಟ್ಟು ಬಂದಿದೆ ಎಂದು ನಾವು ತಿಳಿದುಕೊಳ್ಳಬೇಕಾಗಿತ್ತು. ಟೈಪ್ ಮಾಡುವುದೆಂದರೆ ಬೇಸರ. ಲೇಖನದ ಬಗ್ಗೆ ಹೇಳಬೇಕಾದದ್ದನ್ನೆಲ್ಲ ವಾಟ್ಸಾಪಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಹಿಂದೆ ಕೋಳಿ ಕೂಗುವ ಸದ್ದು, ಅವರ ಹೆಂಡತಿ ಜೈತುನಬಿ ಚಾಚಿ ಯಾರನ್ನೋ ಗದರುವ ಸದ್ದು, ನಡುವೆ "ಮೂರನೇ ಕೋಷ್ಟಕದ ಬೇರೀಜು ಕೂಡವಲ್ದು, ಮತ್ತೊಮ್ಮಿ ನೋಡ್ರಿ." ದೊಡ್ಡ ದೊಡ್ಡ ಪದವಿ ಪಡೆದವರು ಕಿವಿಗೆ ಫೋನ್ ಹಚ್ಚಿಕೊಂಡು ಈ ಮಾತುಗಳನ್ನು ಎರಡೆರಡು ಸಲ ಕೇಳುತ್ತಿದ್ದರು.

ಅವರು ನಡೆಸುತ್ತಿದ್ದ ಪತ್ರಿಕೆಯ ಹೆಸರು 'ಮೇಲ್ದಂಡೆ'. ಮಲಪ್ರಭೆಯ ಈ ಮೇಲಿನ ಸೀಮೆಯ ನೆಲ, ನೀರು, ಕಾಡು, ಬೆಳೆ ಮತ್ತು ಜನರ ಆರೋಗ್ಯದ ಮೇಲೆ ನಡೆದ ಸಂಶೋಧನೆಗಳು ಅದರಲ್ಲಿ ಬರುತ್ತಿದ್ದವು. ವರ್ಷಕ್ಕೆ ಎರಡು ಸಂಚಿಕೆ. ಅಂತರ್ಜಾಲದಲ್ಲಿ ಯಾರು ಬೇಕಾದರೂ ತೆರೆದು ಓದಬಹುದು. ಓದುವವರಿಗೆ ಚಂದಾ ಇಲ್ಲ, ಬರೆಯುವವರಿಗೆ ಶುಲ್ಕವಿಲ್ಲ. ಜಾಲತಾಣವನ್ನು ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಿಡುವಿನ ಹೊತ್ತಿನಲ್ಲಿ ನೋಡಿಕೊಳ್ಳುತ್ತಿದ್ದಳು. ಅದಕ್ಕೆ ಬಳಸಿದ ತಂತ್ರಾಂಶವೂ ಯಾರೋ ಪುಣ್ಯಾತ್ಮರು ಜಗತ್ತಿಗೆಲ್ಲ ಪುಕ್ಕಟೆ ಬಿಟ್ಟುಕೊಟ್ಟದ್ದು. ಲೇಖನಗಳನ್ನು ಪರಿಶೀಲಿಸುತ್ತಿದ್ದವರು ಬೇರೆ ಬೇರೆ ಕಾಲೇಜುಗಳ ಅಧ್ಯಾಪಕರು, ವೈದ್ಯರು. ಒಂದಿಷ್ಟು ಪ್ರತಿಗಳನ್ನು ಮಾತ್ರ ಬೆಳಗಾವಿಯಲ್ಲಿ ಅಚ್ಚು ಹಾಕಿಸಿ ತಾಲೂಕಿನ ಹಳ್ಳಿಗಳ ಗ್ರಂಥಾಲಯಗಳಿಗೆ ತಾವೇ ಬಸ್ಸಿನಲ್ಲಿ ಒಯ್ದು ಕೊಟ್ಟು ಬರುತ್ತಿದ್ದರು.

ಇದು ಹುಟ್ಟಿದ ಕಥೆಯನ್ನು ಅವರು ಸಾವಿರ ಸಲ ಹೇಳಿರಬೇಕು. ಕಾಲೇಜಿನ ರಸಾಯನಶಾಸ್ತ್ರದ ಮಾಸ್ತರರೊಬ್ಬರ ಲೇಖನ ಪರದೇಶದ ದೊಡ್ಡ ಕಂಪನಿಯೊಂದರ ಜರ್ನಲ್ಲಿನಲ್ಲಿ ಬಂತು. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕುಂದಾ ಹಂಚಿದರು. ಮರುವಾರ ಆ ಮಾಸ್ತರರು ಗ್ರಂಥಾಲಯಕ್ಕೆ ಬಂದು ತಮ್ಮ ಲೇಖನವನ್ನು ತೆಗೆದುಕೊಡಲು ಹೇಳಿದರು. ಕಾಲೇಜು ಆ ಜರ್ನಲ್ಲಿಗೆ ಚಂದಾ ಕಟ್ಟಿರಲಿಲ್ಲ. ಪರದೆಯ ಮೇಲೆ ಅವರ ಹೆಸರು ಕಾಣುತ್ತಿತ್ತು, ಲೇಖನದ ಹೆಸರು ಕಾಣುತ್ತಿತ್ತು, ಒಳಗೆ ಹೋಗಬೇಕಾದರೆ ಹಣ ಕೊಡಿ ಎಂಬ ಸಾಲು ಕಾಣುತ್ತಿತ್ತು. "ಕೆಲಸಾ ಮಾಡಿ ಬರದಾಂವ ನಮ್ಮ ಮಾಸ್ತರ. ಪುಕ್ಕಟ ತಪಾಸ ಮಾಡಿದಾಂವ ಮತ್ತೊಬ್ಬ ಮಾಸ್ತರ. ಇಬ್ಬರಿಗೂ ಪಗಾರ ಕೊಡೂದು ಸರಕಾರ. ನಡುವ ಬಾಗಲಾ ಹಚ್ಚಿ ಕೀಲಿ ಹಾಕ್ಕೊಂಡು ಕುಂತಾಂವ ಯಾರ್ರಿ ಇಂವ?" ಎಂದು ಸರ್ ಕೇಳುತ್ತಿದ್ದರು. ಆದರೆ ಕಂಪನಿಗಳನ್ನು ಅವರು ಬೈಯುತ್ತಿರಲಿಲ್ಲ. ಕಂಪನಿ ಕಂಪನಿಯ ಕೆಲಸ ಮಾಡುತ್ತದೆ, ನಮ್ಮ ಕೆಲಸವನ್ನು ನಾವೇ ಒಯ್ದು ಅವರ ಕೈಗೆ ಯಾಕೆ ಕೊಟ್ಟೆವು ಎಂಬುದಷ್ಟೇ ಅವರ ತಕರಾರು.

ಇನ್ನೊಂದು ಜಾತಿಯ ಜರ್ನಲ್ಲುಗಳೂ ಇದ್ದವು. ಓದಲು ಹಣ ಬೇಡ, ಬರೆದವರೇ ಕೊಡಬೇಕು. ಕೊಟ್ಟರೆ ಒಂದು ವಾರದಲ್ಲಿ ಅಚ್ಚು. ಅವುಗಳಿಂದ ಬರುವ ಮಿಂಚಂಚೆಗಳನ್ನು ಸರ್ ಮುದ್ರಿಸಿಟ್ಟುಕೊಂಡು ಚಹಾದ ಹೊತ್ತಿನಲ್ಲಿ ನಮಗೆಲ್ಲ ಓದಿ ಹೇಳುತ್ತಿದ್ದರು. ಒಮ್ಮೆ ಅವರನ್ನು ಜಗತ್ತಿನ ಹೆಸರಾಂತ ಹೆರಿಗೆ ತಜ್ಞರು ಎಂದು ಹೊಗಳಿ ಲೇಖನ ಕೇಳಿದ ಪತ್ರ ಬಂದಿತ್ತು. "ನಮ್ಮ ಮನ್ಯಾಕಿಗೆ ಓದಿ ತೋರಿಸಿದೆ. ನಾಕು ಹೆರಿಗ್ಯಾಗೂ ನೀವು ಊರಾಗ ಇರಲಿಲ್ಲ ಅಂದ್ಲ್ರಿ" ಎಂದರು.

ನಿವೃತ್ತಿಯಾದ ಮರುವರ್ಷ 'ಮೇಲ್ದಂಡೆ' ಶುರುವಾಯಿತು. ಮೊದಲ ಸಭೆಯಲ್ಲಿ ಅವರು, "ನಮ್ಮಲ್ಲಿ ಎರಡು ಬಾಗಲಾ. ಬರ್ಯಾಕ ಒಂದು, ಓದಾಕ ಒಂದು. ಎರಡಕ್ಕೂ ಕೀಲಿ ಇಲ್ಲ" ಎಂದರಂತೆ. ಹಾಗಾದರೆ ಯಾರು ಬೇಕಾದರೂ ಒಳಗೆ ಬರಬಹುದೇ ಎಂದು ಒಬ್ಬರು ಚೇಷ್ಟೆ ಮಾಡಿದಾಗ, "ಬರ್ಲಿ ಬಿಡ್ರಿ, ಒಳಗ ನಾ ಕುಂತಿರತೇನಲ್ಲ" ಎಂದರಂತೆ.

ಪತ್ರಿಕೆಗೆ ಇನ್ನೊಂದು ನಿಯಮವಿತ್ತು, ಅದನ್ನು ನಾನು ಬೇರೆಲ್ಲೂ ಕಂಡಿಲ್ಲ. ವಿಷಯ ಬಲ್ಲ ಇಬ್ಬರು ಒಪ್ಪಿದ ಮೇಲೂ ಲೇಖನ ಪ್ರಕಟವಾಗುತ್ತಿರಲಿಲ್ಲ. ಬರೆದವರು ತಾವು ಮಾಹಿತಿ ತಂದ ಊರಿಗೆ ಹೋಗಿ, ಆ ಜನರ ಮುಂದೆ, ಅವರ ಮಾತಿನಲ್ಲಿ ಅದನ್ನು ಓದಿ ಹೇಳಬೇಕು. ಅವರು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಬೆಳಗಾವಿಯ ನೆಹರು ನಗರದಲ್ಲಿ ಇದ್ದ ಒಬ್ಬ ಯುವ ವೈದ್ಯರು ಕಾಡಂಚಿನ ಹಳ್ಳಿಯ ಬಸುರಿಯರ ರಕ್ತಹೀನತೆಯ ಬಗ್ಗೆ ಬರೆದಿದ್ದರು. ಕೊಟ್ಟ ಕಬ್ಬಿಣದ ಗುಳಿಗೆಗಳನ್ನು ಹೆಂಗಸರು ತೆಗೆದುಕೊಳ್ಳುತ್ತಿಲ್ಲ, ಕಾರಣ ತಿಳಿವಳಿಕೆಯ ಕೊರತೆ ಎಂಬುದು ಅವರ ತೀರ್ಮಾನ. ಅದನ್ನು ಅಲ್ಲಿ ಮರಾಠಿಯಲ್ಲಿ ಓದಿದಾಗ ಒಬ್ಬ ಹೆಂಗಸು ಎದ್ದು ನಿಂತು, ಗುಳಿಗೆ ನುಂಗಿದರೆ ಹೊಟ್ಟೆ ಕಟ್ಟುತ್ತದೆ, ಎರಡು ವಾರ ನುಂಗಿ ನೋಡಿಯೇ ಬಿಟ್ಟಿದ್ದೇವೆ, ನಮ್ಮನ್ನು ಕೇಳಿದವರು ಯಾರು ಎಂದಳು. ವೈದ್ಯರು ಮುಖ ಕೆಂಪು ಮಾಡಿಕೊಂಡು ಬಂದರು, ಆದರೆ ಆ ಭಾಗವನ್ನು ಹೊಸದಾಗಿ ಬರೆದರು. "ಇಬ್ಬರು ಪಂಡಿತರು ಓದಿದ್ರು, ಇಬ್ಬರಿಗೂ ಗೊತ್ತಾಗಲಿಲ್ಲ. ಗೊತ್ತಾಗೂದು ಹೆಂಗ್ರಿ, ಇಬ್ಬರೂ ಗಂಡಸರು" ಎಂದು ಸರ್ ಹೇಳಿದರು.

ನಾನು ಅವರ ಬಳಿ ಹೋದದ್ದು ನನ್ನ ಗರಜಿಗೆ. ಬೆಳಗಾವಿಯ ಒಂದು ಖಾಸಗಿ ಕಾಲೇಜಿನಲ್ಲಿ ಭೂಗೋಳ ಕಲಿಸುವ ತಾತ್ಕಾಲಿಕ ಕೆಲಸದಲ್ಲಿದ್ದೆ. ವಯಸ್ಸು ಮೂವತ್ತೈದು ದಾಟಿತ್ತು. ಪ್ರತಿ ಜೂನ್‌ನಲ್ಲಿ ಈ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಕಾಯುವುದು ಸಾಕಾಗಿ ಹೋಗಿತ್ತು. ಆಗ ನಮ್ಮಲ್ಲೇ ಒಂದು ಕಾಯಂ ಹುದ್ದೆಗೆ ಅರ್ಜಿ ಕರೆದರು. ಅರ್ಜಿಯ ಜೊತೆ ಪ್ರಕಟವಾದ ಒಂದು ಸಂಶೋಧನಾ ಲೇಖನ ಇರಲೇಬೇಕು ಎಂಬ ಷರತ್ತು. ದೊಡ್ಡ ಜರ್ನಲ್ಲುಗಳಿಗೆ ಕಳಿಸಿದರೆ ವರ್ಷ ಕಾಯಬೇಕು, ವಾರದಲ್ಲಿ ಅಚ್ಚು ಮಾಡುವವರಿಗೆ ಕೊಡಲು ನನ್ನ ಹತ್ತಿರ ಹಣವಿಲ್ಲ. ಹೀಗಾಗಿ 'ಮೇಲ್ದಂಡೆ'.

ನನ್ನ ಲೇಖನ ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನ ಸುತ್ತಲಿನ ತೆರೆದ ಬಾವಿಗಳ ಬಗ್ಗೆ. ಎರಡು ಬೇಸಿಗೆ ಟೇಪಿಗೆ ಗುಂಡು ಕಟ್ಟಿಕೊಂಡು ಹೊಲಹೊಲ ತಿರುಗಿ ನೀರಿನ ಮಟ್ಟ ಅಳೆದಿದ್ದೆ. ಏಪ್ರಿಲ್ ಮೇ ತಿಂಗಳಲ್ಲೂ ಬಾವಿಗಳಲ್ಲಿ ನೀರು ಸಾಕಷ್ಟು ಮೇಲಿತ್ತು. ಹಳ್ಳಗಳಿಗೆ ಕೆಲವು ವರ್ಷಗಳ ಹಿಂದೆ ಚೆಕ್ ಡ್ಯಾಂ ಕಟ್ಟಿದ್ದರು. ಅವುಗಳಿಂದ ನೆಲದೊಳಗೆ ನೀರು ಇಂಗಿ ಅಂತರ್ಜಲ ಏರಿದೆ ಎಂದು ನಾನು ಬರೆದೆ. ಪರಿಶೀಲಿಸಿದ ಇಬ್ಬರೂ ಮೆಚ್ಚಿದರು. ಸರ್ ಎಂದಿನಂತೆ ಹಿಂದಿನಿಂದ ಓದುತ್ತ ಬಂದು ಮಟ್ಟದ ಕೋಷ್ಟಕದ ಹತ್ತಿರ ನಿಂತುಬಿಟ್ಟರು.

"ಏಪ್ರಿಲ್ದಾಗ ಇಷ್ಟು ನೀರೈತೇನ್ರಿ ಶೋಭಾ ಮೇಡಂ?"

"ನಾನ ಅಳದೇನ್ರಿ ಸರ್, ಕೈಯಾರೆ ಟೇಪ್ ಇಳಿಬಿಟ್ಟು."

ಆ ಹಾಳೆಯನ್ನು ಅವರು ಬಹಳ ಹೊತ್ತು ನೋಡಿದರು. ಮುಖದಲ್ಲಿ ಸಣ್ಣ ನಗು ಇತ್ತು. ಆಮೇಲೆ ಊರ ಮುಂದೆ ಓದುವುದು ಯಾವಾಗ ಎಂದು ಕೇಳಿದರು. ಅರ್ಜಿಗೆ ಹತ್ತೇ ದಿನ ಉಳಿದಿತ್ತು. ಮದುವೆಗಳ ಸುಗ್ಗಿ, ಬೀಡಿಯಲ್ಲಿ ಹತ್ತು ಜನರನ್ನು ಒಂದು ಕಡೆ ಕೂಡಿಸುವುದು ಆಗದ ಮಾತು. ನಾನು ಎಲ್ಲ ಹೇಳಿಕೊಂಡೆ. ಹೇಳುತ್ತ ಹೇಳುತ್ತ ಅತ್ತೂಬಿಟ್ಟೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಸರ್ ಆ ಹಾಳೆಯನ್ನು ಕಟ್ಟಿನೊಳಗೆ ಸೇರಿಸಿ, "ಆಗ್ಲಿ. ಮದಲ ಪ್ರಕಟ ಮಾಡೂಣು, ಆಮ್ಯಾಲ ಹೋಗಿ ಓದೂಣು" ಎಂದರು. ಪತ್ರಿಕೆಯ ಇತಿಹಾಸದಲ್ಲಿ ಹಾಗೆ ಆದದ್ದು ಅದೊಂದೇ ಸಲ. ನನ್ನ ಕಣ್ಣೀರಿಗೆ ಕರಗಿದರು ಎಂದುಕೊಂಡು ಸಂತೋಷದಿಂದ ಅರ್ಜಿ ಹಾಕಿದೆ.

ಮದುವೆಗಳು ಮುಗಿದ ಮೇಲೆ ಸರ್ ಮಾತು ತಪ್ಪದೆ ನನ್ನನ್ನು ಬೀಡಿಗೆ ಕರೆದುಕೊಂಡು ಹೋದರು. ಸಹಕಾರಿ ಸೊಸೈಟಿಯ ಪಡಸಾಲೆಯಲ್ಲಿ ಇಪ್ಪತ್ತು ಜನ ಕೂಡಿದ್ದರು. ನಾನು ಓದಿದೆ. ನೀರು ಏರಿದೆ ಎಂಬ ಮಾತು ಬಂದಾಗ ಚಪ್ಪಾಳೆಯೂ ಬಿತ್ತು. ಮುಗಿದ ಮೇಲೆ ರುದ್ರಪ್ಪ ಎದ್ದರು. ನಾನು ಎಲ್ಲಕ್ಕಿಂತ ಹೆಚ್ಚು ಸಲ ಅಳೆದದ್ದು ಅವರ ಹೊಲದ ಬಾವಿಯನ್ನೇ. ಹೋದಾಗಲೆಲ್ಲ ಮಜ್ಜಿಗೆ ಕೊಡದೆ ಕಳಿಸಿದವರಲ್ಲ.

"ಅಕ್ಕಾರ, ತಪ್ಪ ತಿಳಕೋಬ್ಯಾಡ್ರಿ. ನಮ್ಮ ಬಾವ್ಯಾಗ ನೀವು ಅಳದ್ರಲ್ಲ, ಅದು ಬಾವಿ ನೀರಲ್ರಿ. ಬೋರಿನ ನೀರು."

ನನಗೆ ಅರ್ಥವಾಗಲಿಲ್ಲ. ರುದ್ರಪ್ಪ ಬಿಡಿಸಿ ಹೇಳಿದರು. ಬೋರಿನಲ್ಲಿ ಬರುವುದು ಬೆರಳು ಗಾತ್ರದ ನೀರು. ಅದನ್ನು ನೇರ ಕಬ್ಬಿಗೆ ಬಿಟ್ಟರೆ ಹೊಲದ ಆ ತುದಿ ಮುಟ್ಟುವುದಿಲ್ಲ. ತ್ರೀ ಫೇಸ್ ಕರೆಂಟ್ ಇರುವ ಹೊತ್ತಿನಲ್ಲಿ ಬೋರು ಹಚ್ಚಿ ಬಾವಿಗೆ ಬಿಡುತ್ತಾರೆ. ಬಾವಿ ತುಂಬಿದ ಮೇಲೆ ದೊಡ್ಡ ಮೋಟಾರು ಇಟ್ಟು ಒಂದೇ ಸಲಕ್ಕೆ ಹಾಯಿಸುತ್ತಾರೆ. "ಬಾವಿ ಅಂದ್ರ ಈಗ ನಮಗ ಟಾಕಿ ಇದ್ದಂಗ್ರಿ. ತಾನಾಗಿ ಸೆಲಿ ಒಡ್ಯೂದು ನಿಂತು ಭಾಳ ವರ್ಷ ಆತು. ಎಲ್ಲಾರದೂ ಹಂಗ." ಸುತ್ತ ಕೂತವರೆಲ್ಲ ಹೌದೆಂದು ತಲೆ ಆಡಿಸಿದರು.

"ನಾ ಅಳ್ಯಾಕ ಬಂದಾಗ ಯಾಕ ಹೇಳಲಿಲ್ರಿ?" ಎಂದೆ.

"ನೀರ ಎಷ್ಟೈತಿ ಅಂತ ಕೇಳಿದ್ರಿ, ತೋರಿಸಿದ್ವಿ. ಎಲ್ಲಿಂದ ಬಂತು ಅಂತ ಕೇಳಲಿಲ್ಲ. ಇಷ್ಟು ಕಲತಾಕಿ, ಗೊತ್ತಿರತೈತಿ ಅಂತ ತಿಳದ್ವಿ." ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಆಮೇಲೆ ಸರ್ ಕಡೆ ತಿರುಗಿದರು. "ಸಾಹೇಬ್ರ, ನೀರು ಏರೇತಿ ಅಂತ ಅಚ್ಚಾಗಿಬಿಟ್ರ ಹೆಂಗ್ರಿ? ಕೆರಿ ಹೂಳ ತಗೀರಿ ಅಂತ ನಾವು ಅರ್ಜಿ ಕೊಟ್ಟೇವಿ. ನಿಮ್ಮ ಊರಾಗ ನೀರ ಭಾಳ ಐತಲ್ಲ ಅಂತ ಇದನ್ನ ತೋರಿಸಿದ್ರ?"

ನೆಲದ ಆಳದ ನೀರನ್ನು ಮೇಲಕ್ಕೆತ್ತಿ ತುಂಬಿಸಿಟ್ಟದ್ದನ್ನು ಅಳೆದು, ನೆಲದಲ್ಲಿ ನೀರು ಹೆಚ್ಚಾಗಿದೆ ಎಂದು ನಾನು ಬರೆದಿದ್ದೆ. ಪೂರಾ ತಿರುವುಮುರುವು. ಖಾನಾಪುರದ ಬಸ್ಸು ಹತ್ತಿದೆವು. ಅರ್ಧ ದಾರಿಗೆ ಬಂದಾಗ ಸರ್, "ಲೇಖನ ವಾಪಸ್ ತಗೋಬೇಕ್ರಿ ಮೇಡಂ" ಎಂದರು. ಸಂದರ್ಶನಕ್ಕೆ ಒಂದು ತಿಂಗಳಿತ್ತು. ಅಲ್ಲಿಯವರೆಗೆ ತಡೆಯಿರಿ ಎಂದು ಬೇಡಿಕೊಂಡೆ.

"ಒಂದು ತಿಂಗಳ ಅಂದ್ರ ಒಂದು ತಿಂಗಳ ಆ ಸುಳ್ಳು ನಮ್ಮ ಹೆಸರಿನ್ಯಾಗ ಇರತೈತಿ. ಅಷ್ಟರಾಗ ರುದ್ರಪ್ಪನ ಅರ್ಜಿ ತಿರಸ್ಕಾರ ಆದ್ರ?"

"ನಿಮಗೇನ್ರಿ ಸರ್, ಪೆನ್ಶನ್ ಬರತೈತಿ" ಎಂದುಬಿಟ್ಟೆ.

ಬಸ್ಸಿನಲ್ಲಿ ಮುಂದೆ ಕೂತವರು ತಿರುಗಿ ನೋಡಿದರು. ಸರ್ ಕಿಟಕಿಯ ಕಡೆ ನೋಡಿಕೊಂಡು, "ಖರೇ ಐತಿ" ಎಂದರು. ಖಾನಾಪುರದಲ್ಲಿ ಇಳಿದು, ಬೆಳಗಾವಿಯ ಬಸ್ಸು ಎಲ್ಲಿ ನಿಂತಿದೆ ಎಂದು ತೋರಿಸಿ, ಚೀಲ ಹೆಗಲಿಗೆ ಹಾಕಿಕೊಂಡು ನಡೆದರು. ನಾನು ಆಡಿದ ಮಾತುಗಳಲ್ಲಿ ವಾಪಸ್ ತೆಗೆದುಕೊಳ್ಳಬೇಕು ಎನಿಸುವುದು ಅದೊಂದೇ.

ಮರುದಿನ ಲೇಖನದ ಪ್ರತಿ ಪುಟದ ಮೇಲೂ 'ಹಿಂಪಡೆಯಲಾಗಿದೆ' ಎಂಬ ದಪ್ಪ ಅಕ್ಷರ ಅಡ್ಡ ಬಿದ್ದಿತ್ತು. ಅಳಿಸಿಹಾಕಿರಲಿಲ್ಲ, ಓದಿದವರಿಗೆ ಏನು ತಪ್ಪಾಗಿತ್ತು ಎಂಬುದು ಕಾಣಬೇಕು ಎಂಬುದು ಅವರ ಹಟ. ಮೊದಲ ಪುಟದಲ್ಲಿ ಅವರದೇ ಒಂದು ಟಿಪ್ಪಣಿ: ಲೇಖಕಿಯ ಅಳತೆಗಳು ಸರಿಯಾಗಿವೆ, ಅವುಗಳಿಂದ ತೆಗೆದ ತೀರ್ಮಾನ ತಪ್ಪು. ಊರ ಮುಂದೆ ಓದಿಸದೆ ಪ್ರಕಟಿಸಿದ್ದು ಸಂಪಾದಕನ ತಪ್ಪು, ಅದು ಇದಕ್ಕಿಂತ ದೊಡ್ಡದು. ಕೆಳಗೆ ಪೂರ್ತಿ ಹೆಸರು, ಇಮಾಮಸಾಬ ಮಕಾನದಾರ. ಪುಕ್ಕಟೆ ಪತ್ರಿಕೆಗಳ ಹಣೆಬರಹವೇ ಇಷ್ಟು ಎಂದು ಬೆಳಗಾವಿಯ ಸ್ಟಾಫ್ ರೂಮುಗಳಲ್ಲಿ ಕೆಲವು ದಿನ ಜನ ಆಡಿಕೊಂಡರು. ನನ್ನ ಲೇಖನವನ್ನು ಮೆಚ್ಚಿದ ಇಬ್ಬರಲ್ಲಿ ಒಬ್ಬರು ತಮ್ಮ ಮಾನ ಹೋಯಿತೆಂದು ಪತ್ರಿಕೆಯನ್ನೇ ಬಿಟ್ಟರು. ಸಂದರ್ಶನದಲ್ಲಿ ಆ ಟಿಪ್ಪಣಿಯನ್ನು ನನ್ನ ಮುಂದಿಟ್ಟು ಇದೇನು ಎಂದು ಕೇಳಿದರು. ಇದ್ದದ್ದನ್ನು ಹೇಳಿದೆ. ಕೆಲಸ ಇನ್ನೊಬ್ಬರಿಗೆ ಆಯಿತು.

ಸಿಟ್ಟಿನಲ್ಲಿ ನಾನೂ ಒಂದು ಕೆಲಸ ಮಾಡಲು ಹೊರಟಿದ್ದೆ. ವಾರದಲ್ಲಿ ಅಚ್ಚು ಹಾಕುವ ಒಂದು ಜರ್ನಲ್ಲಿಗೆ, ಶೀರ್ಷಿಕೆ ಬದಲಿಸಿ, ಅದೇ ಲೇಖನವನ್ನು ಕಳಿಸಲು ತಯಾರು ಮಾಡಿದೆ. ಸಾಲ ಕೊಡಲು ಅಣ್ಣ ಒಪ್ಪಿದ್ದ. ಆದರೆ ಕಳಿಸಲಿಲ್ಲ. ಇದು ನನ್ನ ದೊಡ್ಡತನವೇನಲ್ಲ. ಅಲ್ಲಿ ಅದು ಅಚ್ಚಾದರೆ ಮಕಾನದಾರ ಸರ್ ಹುಡುಕಿ ತೆಗೆದು, ಕೊನೆಯ ಪುಟದಿಂದ ಓದುತ್ತ ನನ್ನ ಹೆಸರಿನವರೆಗೆ ಬರುತ್ತಾರೆ ಎಂಬುದು ಕಣ್ಣಿಗೆ ಕಟ್ಟಿ ಕೈ ಹಿಂದೆ ಸರಿಯಿತು.

ನಾಲ್ಕು ತಿಂಗಳು ನಾವು ಮಾತಾಡಲಿಲ್ಲ. ಒಂದು ಮುಂಜಾನೆ ಫೋನಿನಲ್ಲಿ ಅವರ ದನಿ. "ಮೇಡಂ, ಸಿಟ್ಟು ಇರ್ಲಿ, ಅದು ನಿಮ್ಮ ಹಕ್ಕು. ರುದ್ರಪ್ಪ ಬೋರು ಯಾವಾಗ ಹಚ್ಚತಾನ, ಎಷ್ಟೊತ್ತಿಗೆ ಬಂದ್ ಮಾಡತಾನ ಅಂತ ಗ್ವಾಡಿ ಕ್ಯಾಲೆಂಡರದಾಗ ಬರದಿಡಾಕತ್ತಾನ. ಇನ್ನೂ ಆರು ಮಂದಿ ಬರೀತಾರ. ಈ ಲೆಕ್ಕಾ ಯಾರ ಕಡೆನೂ ಇಲ್ಲ. ಬಂದು ನೋಡ್ರಿ." ನನಗೆ ಒಂದು ಮಾತೂ ಹೇಳದೆ ಆ ಮನುಷ್ಯ ಅಷ್ಟು ದಿನ ವಾರವಾರ ಬಸ್ಸು ಹತ್ತಿ ಬೀಡಿಗೆ ಹೋಗಿ, ಮನೆಮನೆಯಲ್ಲಿ ಕೂತು, ಇದನ್ನು ಬರೆಯಲು ಹಚ್ಚಿದ್ದರು. ಕೋಪ ಬಂತು, ಅಳುವೂ ಬಂತು. ಮುಂದಿನ ಐತವಾರ ಬೀಡಿಗೆ ಹೋದೆ.

ಹೊಸ ಲೇಖನಕ್ಕೆ ಇನ್ನೊಂದು ಪೂರ್ತಿ ವರ್ಷ ಹಿಡಿಯಿತು. ಈ ಸಲ ಬಾವಿಗಳ ಜೊತೆ ಬೋರುಗಳ ಆಳವನ್ನೂ, ಒಂದು ಬಾವಿ ತುಂಬಲು ಬೇಕಾದ ತಾಸುಗಳನ್ನೂ ಬರೆದುಕೊಂಡೆ. ಬಾವಿಗಳು ನೀರು ಕೂಡಿಡುವ ಟಾಕಿಗಳಾಗಿವೆ, ಕೆಳಗಿನ ನೀರು ವರ್ಷದಿಂದ ವರ್ಷಕ್ಕೆ ದೂರ ಹೋಗುತ್ತಿದೆ ಎಂಬುದು ಅದರ ಸಾರ. ಅದೇ ಸೊಸೈಟಿಯ ಪಡಸಾಲೆಯಲ್ಲಿ ಓದಿದೆ. ಎರಡು ತಪ್ಪು ಹಿಡಿದರು, ತಿದ್ದಿದೆ. ಬರೆದವರ ಹೆಸರಿನಲ್ಲಿ ರುದ್ರಪ್ಪನ ಹೆಸರೂ ಇರಬೇಕು ಎಂದು ಸರ್ ಪಟ್ಟು ಹಿಡಿದರು. ರುದ್ರಪ್ಪ ಕೈ ಮುಗಿದುಬಿಟ್ಟರು. "ಬ್ಯಾಡ್ರಿ ಸಾಹೇಬ್ರ. ನಾಳೆ ಕರೆಂಟಿನವರು ಅದನ್ನ ಓದಿ, ಎಷ್ಟು ಮೋಟಾರ ಇಟ್ಟೀದಿ ತೋರಸು ಅಂತ ಬಂದ್ರ? ಎಲ್ಲಾರೂ ಓದೂ ಹಂಗ ಬ್ಯಾರೆ ಇಟ್ಟೀರಿ." ಯಾರಿಗೂ ಬಾಗಿಲು ಮುಚ್ಚದ ಪತ್ರಿಕೆಗೆ ಇಂಥ ತೊಂದರೆಯೂ ಇರಬಹುದು ಎಂದು ಸರ್‌ಗೆ ಹೊಳೆದಿರಲಿಲ್ಲ. ಕೊನೆಗೆ 'ಬೀಡಿಯ ಏಳು ಜನ ರೈತರು' ಎಂದು ಹಾಕಿದೆವು. ಮುಂದೆ ನನಗೆ ಬೇರೊಂದು ಕಾಲೇಜಿನಲ್ಲಿ ಕಾಯಂ ಕೆಲಸ ಸಿಕ್ಕಿತು. ಅಲ್ಲಿ ಆ ಲೇಖನವನ್ನು ಯಾರೂ ತೆರೆದು ನೋಡಲಿಲ್ಲ, ಪಟ್ಟಿಯಲ್ಲಿ ಹೆಸರಿದೆಯೇ ಎಂದಷ್ಟೇ ನೋಡಿದರು.

ಅದೇ ಸುಮಾರಿಗೆ ಒಂದು ಪ್ರಕಾಶನ ಕಂಪನಿಯಿಂದ ಟೈ ಕಟ್ಟಿದ ಒಬ್ಬರು ಕಾರಿನಲ್ಲಿ ಖಾನಾಪುರಕ್ಕೆ ಬಂದರು. 'ಮೇಲ್ದಂಡೆ'ಯನ್ನು ತಾವು ನಡೆಸುತ್ತೇವೆ, ಸಂಪಾದಕರಾಗಿ ನೀವೇ ಇರಿ, ಒಳ್ಳೆಯ ಗೌರವಧನ ಕೊಡುತ್ತೇವೆ ಎಂದರು. ಚಾಚಿ ಕೊಟ್ಟ ಚಹಾ ಕುಡಿಸಿ ಸರ್ ಒಂದೇ ಪ್ರಶ್ನೆ ಕೇಳಿದರು, "ಊರ ಮುಂದ ಓದೂದು ಇರತೈತ್ರಿ?" ಅಷ್ಟೊಂದು ಸಮಯ ಯಾರಿಗಿದೆ ಎಂದು ಅವರು ನಕ್ಕರು. ಸರ್ ಕೂಡ ನಕ್ಕು ಕಾರಿನವರೆಗೆ ಹೋಗಿ ಬೀಳ್ಕೊಟ್ಟರು. ಆ ವಾರವೇ ನಮ್ಮಲ್ಲಿ ಐದು ಜನರನ್ನು ಕರೆದು, ಪತ್ರಿಕೆ ಯಾರ ಆಸ್ತಿಯೂ ಅಲ್ಲ, ಅದನ್ನು ಯಾರೂ ಮಾರುವಂತಿಲ್ಲ ಎಂದು ಕಾಗದ ಬರೆಸಿ, ನೋಂದಣಿ ಮಾಡಿಸಿದರು. ಐದು ಹೆಸರಿನಲ್ಲಿ ನನ್ನದೂ ಒಂದು.

ಕಡೆಯ ಸಲ ಅವರನ್ನು ನೋಡಿದ್ದು ಹೋದ ಬೇಸಿಗೆಯಲ್ಲಿ. ಎರಡೂ ಕಿಡ್ನಿ ಕೈಕೊಟ್ಟಿದ್ದವು. ಮಂಚದ ಮೇಲೆ ಇನ್ನಷ್ಟು ಕುಳ್ಳಗೆ ಕಾಣುತ್ತಿದ್ದರು. "ಬಾ ಬೇಟಾ, ಮುಂಜಾನಿಂದ ನಿನ್ನ ದಾರೀನ ನೋಡಾಕತ್ತಾರ" ಎಂದು ಚಾಚಿ ಒಳಗೆ ಕರೆದರು. ಕಣ್ಣು ಮಂಜಾಗಿದ್ದರಿಂದ ಬಂದ ಲೇಖನಗಳನ್ನು ನಾನು ಓದಿ ಹೇಳಿದೆ. ಬಹಳ ದಿನದಿಂದ ಮನಸ್ಸಿನಲ್ಲಿದ್ದ ಮಾತನ್ನು ಅಂದು ಕೇಳಿದೆ. "ಆವತ್ತ ನನ್ನ ಸಲುವಾಗಿ ನಿಯಮಾ ಮುರದ್ರಲ್ರಿ ಸರ್. ನಾ ಅತ್ತೆ ಅಂತನ?"

"ಅಳೂದಕ್ಕ ಕರಗೂ ಮನಶ್ಯಾ ಅಲ್ರಿ ನಾ. ಲೈಬ್ರರ್ಯಾಗ ಭಾಳ ಮಂದಿ ಅತ್ತಾರ, ಯಾರಿಗೂ ದಂಡಾ ಬಿಟ್ಟಿಲ್ಲ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. "ನೀರು ಏರೇತಿ ಅಂತ ಬರದಿದ್ರಿ. ನಮ್ಮ ಅಮ್ಮನ ತವರಮನಿ ಬೀಡಿ. ಈಜ ಕಲತದ್ದು ಅಲ್ಲೆ ಬಾವ್ಯಾಗ. ನಾಕು ಪಾವಟಿಗಿ ಇಳದ್ರ ನೀರು. ನಿಮ್ಮ ಕೋಷ್ಟಕ ನೋಡಿ ಖರೇ ಇರ್ಲಿ ಅನಿಸ್ತು. ಹಂಗ ಅನಿಸಿದಾಗನ ಹೆಚ್ಚು ತಪಾಸ ಮಾಡಬೇಕಾಗಿತ್ತು. ಮಾಡಲಿಲ್ಲ."

ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು, "ಈ ಸಲ ಹೆಂಗೈತ್ರಿ ಬೀಡ್ಯಾಗ?"

ಆ ವರ್ಷದ ಅಳತೆಗಳು ನನ್ನ ಚೀಲದಲ್ಲೇ ಇದ್ದವು. ಬೋರುಗಳಲ್ಲಿ ನೀರು ನಾನು ಅಳೆಯಲು ಶುರು ಮಾಡಿದ ಮೇಲೆ ಅಷ್ಟು ಕೆಳಗೆ ಎಂದೂ ಹೋಗಿರಲಿಲ್ಲ. ಒಂದಿಷ್ಟು ಏರಿದೆ ಎಂದು ಹೇಳಿಬಿಡಲೇ ಅನಿಸಿತು. ಮಂಚ ಹಿಡಿದ ಮನುಷ್ಯ, ಹೇಳಿದರೆ ಯಾರ ಗಂಟು ಹೋಗುತ್ತಿತ್ತು? ನಾಲಿಗೆಯ ತುದಿಗೆ ಬಂದಿತ್ತು.

"ಇನ್ನೂ ಕೆಳಗ ಹೋಗೇತ್ರಿ ಸರ್."

ಅವರು ಮೆಲ್ಲಗೆ ತಲೆ ಆಡಿಸಿದರು. "ಊರ ಮುಂದ ಓದಿದ್ರೇನು?"

"ಬರೂ ಐತವಾರ ಓದತೇನ್ರಿ."

"ಓದ್ರಿ. ಓದಿ ಆಮ್ಯಾಲ ಹಾಕ್ರಿ."

ಆ ಐತವಾರ ಬರುವ ಮೊದಲೇ, ಶುಕ್ರವಾರ ಅವರು ತೀರಿಕೊಂಡರು. ಮಣ್ಣು ಮುಗಿದ ಮೇಲೆ, ಬೀಡಿಯ ಓದನ್ನು ಮುಂದೆ ಹಾಕಲೇ ಎಂದು ಚಾಚಿಯನ್ನು ಕೇಳಿದೆ. "ಬ್ಯಾಡ, ಹೋಗು. ಅವರಿದ್ದಿದ್ರ ಬಿಡತಿದ್ರೇನು?" ಎಂದರು. ಹೋಗಿ ಓದಿದೆ. ಪಡಸಾಲೆ ತುಂಬ ಜನ ಕೂಡಿದ್ದರು. ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ತಪ್ಪಿದೆ ಎಂದೂ ಯಾರೂ ಅನ್ನಲಿಲ್ಲ.